ಮಗಳಿಗೆ 13ರಿಂದ 19ರ ಮಗ್ಗಿ ಸಾಲಾಗಿ ಬರುತ್ತೆ, ನಡುವೆ ಕೇಳಿದರೆ ಬರಲ್ಲ. ಏನು ಮಾಡಲಿ?

ಪುಟ್ಟಿಯಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ನಾಲ್ಕನೇ ಕ್ಲಾಸ್. ಹತ್ತರವರೆಗಿನ ಮಗ್ಗಿ ಗಟ್ಟಿಯಾಗಿದೆ, ಎಲ್ಲಿಂದ ಕೇಳಿದರೂ ಹೇಳ್ತಾಳೆ. 11, 12 ಕೂಡ ಕಷ್ಟ ಆಗಲಿಲ್ಲ. ತೊಂದರೆ ಶುರುವಾಗಿದ್ದು 13ರಿಂದ. ಇಪ್ಪತ್ತರವರೆಗೆ ಬಾಯಿಪಾಠ ಆಗಬೇಕು ಅಂತ ಶಾಲೆಯಲ್ಲಿ ಹೇಳಿದ್ದಾರೆ.

ಅವಳು ಕೂತು ಉರು ಹೊಡೀತಾಳೆ, ಸೋಮಾರಿತನ ಇಲ್ಲವೇ ಇಲ್ಲ. "ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು" ಅಂತ ರಾಗವಾಗಿ ಹೇಳಿ ನೂರ ಮೂವತ್ತು ಮುಟ್ಟಿಸ್ತಾಳೆ. ಆದರೆ "ಹದಿಮೂರೇಳ್ಲೆ ಎಷ್ಟು?" ಅಂತ ಒಂದನ್ನೇ ಕೇಳಿದರೆ ಕಣ್ಣು ಮೇಲೆ ಮಾಡಿ, ತುಟಿ ಅಲ್ಲಾಡಿಸ್ತಾ ಮತ್ತೆ ಒಂದ್ಲೆಯಿಂದ ಬರ್ತಾಳೆ. 17ರ ಮಗ್ಗಿಯಂತೂ ಸಾಲಾಗಿ ಹೇಳುವಾಗಲೇ ಎಂಬತ್ತೈದರ ನಂತರ ನಿಂತುಬಿಡುತ್ತೆ. 17ರದ್ದೂ 19ರದ್ದೂ ಒಂದಕ್ಕೊಂದು ಕಲಸಿಹೋಗುತ್ತೆ. ಭಾಗಾಕಾರ ಮಾಡುವಾಗ ಪುಟದ ಅಂಚಿನಲ್ಲಿ ಇಡೀ ಮಗ್ಗಿ ಬರೆದುಕೊಂಡು, ಆಮೇಲೆ ಹುಡುಕ್ತಾಳೆ. ಲೆಕ್ಕ ಸರಿಯಾಗೇ ಬರುತ್ತೆ, ಆದರೆ ಅಷ್ಟರಲ್ಲಿ ಉಳಿದವರು ಮೂರು ಲೆಕ್ಕ ಮುಗಿಸಿರ್ತಾರೆ.

ಇನ್ನೂ ಹೆಚ್ಚು ಸಲ ಹೇಳಿಸಬೇಕಾ, ಅಥವಾ ಹೇಳಿಸುವ ರೀತಿಯೇ ಬೇರೆ ಇರಬೇಕಾ? ಈಗ ಅವಳಿಗೆ ಗಣಿತ ಅಂದ್ರೆ ಇಷ್ಟ. ಆ ಇಷ್ಟ ಈ ಮಗ್ಗಿಯ ದೆಸೆಯಿಂದ ಹೋಗಬಾರದು ಅನ್ನೋದೇ ನನ್ನ ಚಿಂತೆ.

ಲೆಕ್ಕದ ಟೀಚರ್

ಪುಟ್ಟಿಯಮ್ಮ ಅವರೇ, ನಾನು ನಾಲ್ಕನೇ, ಐದನೇ ತರಗತಿಗೆ ಬಹಳ ಕಾಲದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ನೀವು ಬರೆದದ್ದನ್ನು ಪ್ರತಿ ವರ್ಷವೂ ಕಾಣುತ್ತೇನೆ, ಅದೂ ಶ್ರದ್ಧೆಯಿಂದ ಉರು ಹೊಡೆಯುವ ಮಕ್ಕಳಲ್ಲೇ ಹೆಚ್ಚು. ನಿಮ್ಮ ಮಗಳ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಸಾಲಾಗಿ ಕಲಿತದ್ದು ಸಾಲಾಗಿಯೇ ನೆನಪಿಗೆ ಬರುತ್ತದೆ. 91 ಅನ್ನುವ ಉತ್ತರ ಅವಳ ತಲೆಯಲ್ಲಿ ಅಂಟಿಕೊಂಡಿರುವುದು ಅದರ ಹಿಂದಿನ 78ಕ್ಕೆ. 78 ಅಂಟಿಕೊಂಡಿರುವುದು 65ಕ್ಕೆ. ಏಳನೇ ಮೆಟ್ಟಿಲಿಗೆ ಹೋಗಲು ಮೊದಲನೆಯದರಿಂದಲೇ ಹತ್ತಬೇಕಾದ ಸ್ಥಿತಿ. ಅದನ್ನೇ ಇನ್ನಷ್ಟು ಸಲ ಹೇಳಿಸಿದರೆ ಹತ್ತುವ ವೇಗ ಹೆಚ್ಚುತ್ತದೆ, ಅಷ್ಟೇ. ನೇರವಾಗಿ ಏಳನೆಯದಕ್ಕೆ ಕಾಲಿಡುವುದು ಬರುವುದಿಲ್ಲ.

ನಾನು ಮಾಡುವುದು ಹೀಗೆ. 13ರ ಮಗ್ಗಿ, 17ರ ಮಗ್ಗಿ ಎಂದು ಕಲಿಸುವುದನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಮಗುವಿಗೆ ಆಗಲೇ ಚೆನ್ನಾಗಿ ಬರುವ 3, 4, 6, 7, 8, 9ರ ಮಗ್ಗಿಗಳನ್ನೇ ಹತ್ತು ದಾಟಿಸುತ್ತೇನೆ.

7ರ ಮಗ್ಗಿಯನ್ನೇ ತೆಗೆದುಕೊಳ್ಳಿ. "ಏಳ್ಹತ್ಲೆ ಎಪ್ಪತ್ತು" ಅಂದ ಕೂಡಲೇ ಎಲ್ಲ ಮಕ್ಕಳೂ ನಿಲ್ಲಿಸುತ್ತಾರೆ. ಅಲ್ಲಿಗೆ ನಿಲ್ಲಬೇಕೆಂದು ಏನಿದೆ? ಮುಂದಕ್ಕೆ ಹೋಗಲಿ: 77, 84, 91, 98, 105, 112, 119, 126, 133, 140. ಈ ಸಾಲಿನಲ್ಲಿ 84 ಎಂದರೆ 12×7. 91 ಎಂದರೆ 13×7. 119 ಎಂದರೆ 17×7. ಅಂದರೆ 11ರಿಂದ 20ರವರೆಗಿನ ಹತ್ತೂ ಮಗ್ಗಿಗಳ ಏಳನೇ ಸಾಲು ಒಟ್ಟಿಗೆ ಇಲ್ಲಿ ಸಿಕ್ಕಿತು. ಇನ್ನೂ ಚೆಂದದ ವಿಷಯವೆಂದರೆ ಈ ಹತ್ತು ಸಂಖ್ಯೆಗಳಲ್ಲಿ ಹೊಸದೇನೂ ಇಲ್ಲ. 7, 14, 21, 28 ಎಂದು ಅವಳಿಗೆ ಗೊತ್ತಿರುವ ಸಾಲಿಗೇ 70 ಸೇರಿದೆ. 21ಕ್ಕೆ 70 ಸೇರಿದರೆ 91, 49ಕ್ಕೆ 70 ಸೇರಿದರೆ 119. ಬಿಡಿ ಸ್ಥಾನದ ಅಂಕಿಯಂತೂ ಬದಲಾಗುವುದೇ ಇಲ್ಲ. ಹೀಗೆ ಎರಡು ಸಾಲನ್ನು ಒಂದರ ಕೆಳಗೊಂದು ಬರೆಸಿ, ಏನು ಕಾಣಿಸುತ್ತಿದೆ ಎಂದು ಅವಳನ್ನೇ ಕೇಳಿ. ನೀವು ಹೇಳಿಬಿಡಬೇಡಿ. ಎಲ್ಲದಕ್ಕೂ 70 ಸೇರಿದೆ ಎಂದು ಮಗು ತಾನಾಗಿ ಕಂಡುಕೊಂಡರೆ ಅದು ಅವಳ ಸ್ವಂತದ್ದಾಗುತ್ತದೆ.

ಇದಕ್ಕೊಂದು ಚಿತ್ರವೂ ಬೇಕು. ಇಲ್ಲದಿದ್ದರೆ "70 ಸೇರಿಸು" ಅನ್ನುವುದೂ ಇನ್ನೊಂದು ಬಾಯಿಪಾಠವಾಗುತ್ತದೆ. ಚೌಕದ ಗೆರೆಗಳಿರುವ ಗಣಿತದ ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ 17 ಮನೆ, ಕೆಳಕ್ಕೆ 8 ಮನೆ ಇರುವ ಆಯತ ಬರೆಸಿ. ಹತ್ತನೇ ಮನೆ ಮುಗಿದಲ್ಲಿ ಮೇಲಿಂದ ಕೆಳಗೆ ಒಂದು ದಪ್ಪ ಗೆರೆ. ಎಡಗಡೆ ಒಂದು ಬಣ್ಣ, ಬಲಗಡೆ ಇನ್ನೊಂದು. ಎಡಕ್ಕೆ 10×8, ಅದು 80. ಬಲಕ್ಕೆ 7×8, ಅದು 56. ಒಟ್ಟು 136. ಮನೆಗಳನ್ನು ಒಂದೊಂದಾಗಿ ಎಣಿಸಿ ನೋಡುತ್ತೇನೆ ಅಂದರೆ ಬೇಡ ಅನ್ನಬೇಡಿ, ಎಣಿಸಲಿ. ಇಂಥ ಚಿತ್ರ ಎರಡೋ ಮೂರೋ ಸಾಕು. ಆಮೇಲೆ ಗೆರೆ ಅವಳ ಕಣ್ಣಮುಂದೆ ತಾನೇ ಬರುತ್ತದೆ.

ಈಗ ಹೊರೆ ಎಷ್ಟು ಉಳಿಯಿತು ನೋಡೋಣ. 12ರಿಂದ 19ರವರೆಗೆ ಎಂಟು ಮಗ್ಗಿ. ಒಂದ್ಲೆ, ಹತ್ಲೆ ಬಿಟ್ಟರೆ ಪ್ರತಿಯೊಂದರಲ್ಲೂ ಎಂಟು ಸಾಲು, ಒಟ್ಟು 64. ಕೇಳಿದರೆ ಹೆದರಿಕೆಯಾಗುತ್ತದೆ. ಆದರೆ ಎರಡ್ಲೆ ಅಂದರೆ ಬರೀ ಎರಡು ಪಟ್ಟು. ನಾಲ್ಕ್ಲೆ ಅಂದರೆ ಆ ಎರಡು ಪಟ್ಟಿನ ಎರಡು ಪಟ್ಟು, ಎಂಟ್ಲೆ ಅದರ ಇನ್ನೊಂದು ಎರಡು ಪಟ್ಟು: 17, 34, 68, 136. ಐದ್ಲೆ ಅಂದರೆ ಹತ್ತು ಪಟ್ಟಿನ ಅರ್ಧ, 170ರ ಅರ್ಧ 85. ಒಂಬತ್ಲೆ ಅಂದರೆ ಹತ್ತು ಪಟ್ಟಿನಲ್ಲಿ ಒಂದು ಸಲ ಕಳೆದರೆ ಬಂತು, 170ರಲ್ಲಿ 17 ಹೋದರೆ 153. ಮೂರ್ಲೆ ಬಂದರೆ ಅದರ ಎರಡು ಪಟ್ಟು ಆರ್ಲೆ. ನಿಜವಾಗಿ ಯಾವ ಆಸರೆಯೂ ಇಲ್ಲದೆ ಉಳಿಯುವುದು ಏಳ್ಲೆ ಒಂದೇ. ಅದಕ್ಕೇ ನಾನು ಮೊದಲು 7ರ ಸಾಲನ್ನು ಹತ್ತು ದಾಟಿಸುವುದು.

ಅಭ್ಯಾಸದ ಬಗ್ಗೆ. ಒಂದು ಸಲಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ, ಆದರೆ ದಿನಾ ಇರಲಿ. ರಟ್ಟಿನ ಚೂರುಗಳ ಮೇಲೆ ಒಂದು ಬದಿಗೆ 13×7, ಹಿಂಬದಿಗೆ 91 ಎಂದು ಅವಳ ಕೈಯಲ್ಲೇ ಬರೆಸಿ. ಒಂದೊಂದು ಸಲ ನಾಲ್ಕೈದು ಹೊಸ ಚೀಟಿ, ಉಳಿದವೆಲ್ಲ ಹಳೆಯವು, ಚೆನ್ನಾಗಿ ಕಲಸಿ. ಥಟ್ಟನೆ ಬಂದ ಚೀಟಿ ಎರಡು ದಿನ ಬಿಟ್ಟು ಬರಲಿ, ಆಗಲೂ ಬಂದರೆ ವಾರ ಬಿಟ್ಟು. ತಡವರಿಸಿದ್ದು ನಾಳೆಯೇ ಬರಲಿ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಕೂಡಲೇ ಮರೆವು ಬಲು ಬೇಗ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಒತ್ತಿ ಒತ್ತಿ ಓದುವುದಕ್ಕಿಂತ ದಿನಗಳ ಮೇಲೆ ಹರಡಿದ ಓದು ಹೆಚ್ಚು ನಿಲ್ಲುತ್ತದೆ ಎಂಬುದನ್ನೂ ಅವರು ಕಂಡರು. ಭಾನುವಾರ ಒಂದು ಗಂಟೆ ಕೂರಿಸುವುದು ಬೇಡ ಎನ್ನುವುದು ಅದಕ್ಕೆ.

ಗಡಿಯಾರ ಮಾತ್ರ ಈಗಲೇ ಹಿಡಿಯಬೇಡಿ. ದಾರಿ ಗೊತ್ತಾಗುವ ಮೊದಲೇ ಅವಸರ ಮಾಡಿದರೆ ಮಗು ಊಹೆಗೆ ಇಳಿಯುತ್ತದೆ.

ಬಾಯಿಲೆಕ್ಕ

ಟೀಚರ್ ಹೇಳಿದ್ದು ಓದಿದೆ. ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನನ್ನ ಕೆಲಸ ಲೆಕ್ಕಪತ್ರದ್ದು. ಚಿಕ್ಕಂದಿನಲ್ಲಿ ಇಪ್ಪತ್ತರವರೆಗೆ ಬಾಯಿಪಾಠ ಮಾಡಿಸಿದ್ದರು, ಇವತ್ತಿಗೂ ಹದಿನೇಳೆಂಟ್ಲೆ ಅಂದರೆ ನೂರ ಮೂವತ್ತಾರು ತಾನಾಗಿ ಬಾಯಿಗೆ ಬರುತ್ತದೆ. ಬಿಡಿಸಿ ಕೂಡುವುದು ಒಳ್ಳೆಯದೇ, ಆದರೆ ಅದು ಅಡ್ಡದಾರಿ. ಕೊನೆಗೆ ಉತ್ತರ ನೆನಪಿನಿಂದಲೇ ಬರಬೇಕು.

ಒಂದು ಉದಾಹರಣೆ ಕೊಡುತ್ತೇನೆ. 2346ನ್ನು 17ರಿಂದ ಭಾಗಿಸಿ. 23ರಲ್ಲಿ 17 ಒಂದು ಸಲ, ಉಳಿದದ್ದು 6. ನಾಲ್ಕನ್ನು ಇಳಿಸಿಕೊಂಡರೆ 64, ಅದರಲ್ಲಿ 51 ಹೋಗುತ್ತದೆ, ಮೂರು ಸಲ, ಉಳಿದದ್ದು 13. ಆರನ್ನು ಇಳಿಸಿಕೊಂಡರೆ 136, ಎಂಟು ಸಲ. ಉತ್ತರ 138, ಶೇಷ ಸೊನ್ನೆ. ಇಲ್ಲಿ 51, 136 ಎರಡನ್ನೂ ಪ್ರತಿ ಸಲ 30+21, 80+56 ಅಂತ ಕಟ್ಟುತ್ತಾ ಕೂತರೆ ಮಗುವಿಗೆ ತಾನು ಭಾಗಾಕಾರದಲ್ಲಿ ಎಲ್ಲಿದ್ದೆ ಎನ್ನುವುದೇ ತಪ್ಪಿಹೋಗುತ್ತದೆ. ತಲೆ ಒಂದು ಹೊತ್ತಿಗೆ ಎಷ್ಟನ್ನು ಹಿಡಿದುಕೊಳ್ಳುತ್ತದೆ ಹೇಳಿ?

ರಾಗವಾಗಿ ಹೇಳುವುದನ್ನೂ ತಳ್ಳಿಹಾಕಬೇಡಿ. ಆದರೆ ಮೇಲಿಂದ ಕೆಳಕ್ಕೆ ಮಾತ್ರ ಹೇಳಿಸುವುದನ್ನು ನಿಲ್ಲಿಸಿ. ನಮಗೆ ಹತ್ತ್ಲೆಯಿಂದ ಹಿಂದಕ್ಕೂ ಹೇಳಿಸುತ್ತಿದ್ದರು: 170, 153, 136, 119, 102, 85. ಐದ್ಲೆಯಿಂದ ಶುರು ಮಾಡಿಸುತ್ತಿದ್ದರು. 85 ಒಂದು ಗಟ್ಟಿಯಾಗಿ ನಿಂತರೆ ಅದರ ಹಿಂದೆ 68, ಮುಂದೆ 102 ಕೈಗೆಟುಕುವ ದೂರದಲ್ಲೇ ಇರುತ್ತವೆ.

ಲೆಕ್ಕದ ಟೀಚರ್

ಐದ್ಲೆಯಿಂದ ಶುರು ಮಾಡುವುದು ಬಹಳ ಒಳ್ಳೆಯ ಉಪಾಯ, ಪುಟ್ಟಿಯಮ್ಮ ಅದನ್ನು ಖಂಡಿತ ಮಾಡಿಸಿ. 17ರ ಮಗ್ಗಿಯಲ್ಲಿ ಮಗು ನಿಲ್ಲುತ್ತಿರುವುದೂ ಸರಿಯಾಗಿ 85ರ ನಂತರವೇ. ಅಲ್ಲಿಂದ ಮುಂದಿನ ಹೆಜ್ಜೆ ನೂರನ್ನು ದಾಟುತ್ತದೆ, ಅದಕ್ಕೇ ತಡೆ.

ಕೊನೆಗೆ ಉತ್ತರ ನೆನಪಿನಿಂದಲೇ ಬರಬೇಕು ಎನ್ನುವುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಚೀಟಿಗಳನ್ನು ಹೇಳಿದ್ದೇ ಅದಕ್ಕಾಗಿ. 80+56 ಎಂದು ಹಲವು ಸಲ ಕಟ್ಟಿದ ಮಗುವಿಗೆ ಒಂದು ದಿನ ಕಟ್ಟುವ ಮೊದಲೇ 136 ಬಂದುಬಿಡುತ್ತದೆ. ಮರೆತರೆ ಮತ್ತೆ ಕಟ್ಟಿಕೊಳ್ಳಲೂ ಗೊತ್ತಿರುತ್ತದೆ. ಬರೀ ರಾಗದಿಂದ ಕಲಿತ ಮಗುವಿಗೆ ಆ ಎರಡನೆಯದು ಇಲ್ಲ.

ಅಡ್ಡದಾರಿ ಅಂದದ್ದಕ್ಕೆ ಮಾತ್ರ ಒಂದು ಮಾತು. 1150ರಲ್ಲಿ ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಗುಣಾಕಾರ ಹೇಳಿಕೊಡುವಾಗ 135ನ್ನು 12ರಿಂದ ಗುಣಿಸುವ ಲೆಕ್ಕ ಕೊಟ್ಟು, ಅದನ್ನು ಒಂದಲ್ಲ, ಹಲವು ರೀತಿಯಲ್ಲಿ ಬಿಡಿಸಿ ತೋರಿಸಿದ್ದಾರೆ. 12ನ್ನು 8 ಮತ್ತು 4 ಎಂದು ಒಡೆದು 1080ಕ್ಕೆ 540 ಕೂಡುವುದು ಒಂದು. ಮೊದಲು 3ರಿಂದ, ಆಮೇಲೆ 4ರಿಂದ ಗುಣಿಸುವುದು ಇನ್ನೊಂದು. ಹತ್ತರಿಂದ ಗುಣಿಸಿ 1350, ಅದಕ್ಕೆ ಎರಡರಿಂದ ಗುಣಿಸಿದ 270 ಸೇರಿಸುವುದು ಮತ್ತೊಂದು. ಕೊನೆಗೆ ಇಪ್ಪತ್ತರಿಂದ ಗುಣಿಸಿ 2700 ಮಾಡಿಕೊಂಡು ಎಂಟರಿಂದ ಗುಣಿಸಿದ್ದನ್ನು ಕಳೆಯುವುದೂ ಇದೆ. ಯಾವ ಕಡೆಯಿಂದ ಬಂದರೂ 1620. ನಿಮ್ಮ ಮಗಳು 17ನ್ನು 10 ಮತ್ತು 7 ಎಂದು ಒಡೆದಾಗ ಮಾಡುತ್ತಿರುವುದು ಇದನ್ನೇ. ಇದು ಗುಣಾಕಾರದ ಹೆದ್ದಾರಿಯೇ. ಮುಂದೆ ಬೀಜಗಣಿತದಲ್ಲಿ ಆವರಣ ಬಿಡಿಸುವಾಗ ಇದೇ ಮತ್ತೆ ಬರುತ್ತದೆ.

ಪುಟ್ಟಿಯಮ್ಮ

ಮೇಡಂ, ಸರ್, ಇಬ್ಬರಿಗೂ ತುಂಬಾ ಧನ್ಯವಾದ. ಸ್ವಲ್ಪ ದಿನ ಮಾಡಿ ನೋಡಿ ಬರೀತಿದೀನಿ.

7ರ ಸಾಲು ಮುಂದಕ್ಕೆ ಬರೆಸಿದೆ. ಎರಡು ಸಾಲು ನೋಡಿ ಅವಳೇ "ಅಮ್ಮಾ, ಕೊನೇ ಅಂಕಿ ಎಲ್ಲ ಒಂದೇ!" ಅಂದಳು. ಎಪ್ಪತ್ತು ಸೇರಿದೆ ಅನ್ನೋದು ಆಮೇಲೆ ಹೊಳೀತು. ಆಯತಕ್ಕೆ ಬಣ್ಣ ಹಚ್ಚೋದು ಅವಳಿಗೆ ಎಷ್ಟು ಇಷ್ಟ ಆಯ್ತು ಅಂದ್ರೆ ನಾನು ಹೇಳದೇನೇ 14×6ಕ್ಕೂ ಬರೆದುಕೊಂಡಳು. 13×7 ಈಗ ಎಲ್ಲಿ ಕೇಳಿದರೂ ಬರುತ್ತೆ.

ಆದರೆ ಇನ್ನೊಂದು ಕಡೆ ಸಿಕ್ಕಿಬಿದ್ದಿದೀವಿ. 17×8 ಅಂದ್ರೆ ಎಂಬತ್ತು, ಐವತ್ತಾರು ಅಂತ ಥಟ್ಟನೆ ಹೇಳ್ತಾಳೆ. ಆ ಎರಡನ್ನ ಕೂಡೋದಕ್ಕೆ ಬೆರಳು ಮಡಚ್ತಾಳೆ, ತಡ ಆಗುತ್ತೆ. 19×6ಕ್ಕೆ ಅರವತ್ತು, ಐವತ್ತನಾಲ್ಕು ಅಂತ ಸರಿಯಾಗಿ ಹೇಳಿ, ಉತ್ತರ ಮಾತ್ರ 104 ಅಂದಳು. ಮಗ್ಗಿ ಬರುತ್ತೆ, ಬಿಡಿಸೋದು ಬರುತ್ತೆ, ಆದರೂ ಉತ್ತರ ತಪ್ಪುತ್ತೆ. ಇದಕ್ಕೇನು ಮಾಡೋದು?

ಲೆಕ್ಕದ ಟೀಚರ್

ಎಷ್ಟು ಚೆನ್ನಾಗಿ ಗಮನಿಸಿದ್ದೀರಿ! ಬರೀ ತಪ್ಪು ಉತ್ತರ ಬರೆದಿದ್ದರೆ ನನಗೇನೂ ತಿಳಿಯುತ್ತಿರಲಿಲ್ಲ. ನಡುವೆ ಅವಳು ಹೇಳಿದ ಎರಡು ಸಂಖ್ಯೆಗಳನ್ನೂ ಬರೆದದ್ದರಿಂದ ಸಿಕ್ಕು ಎಲ್ಲಿದೆ ಎಂದು ಗೊತ್ತಾಯಿತು. ಗುಣಾಕಾರದಲ್ಲಿ ತೊಂದರೆಯೇ ಇಲ್ಲ. ನೂರು ದಾಟುವ ಸಂಕಲನ ಗಟ್ಟಿಯಾಗಿಲ್ಲ. ದೊಡ್ಡ ಮಗ್ಗಿ ಬರುವುದಿಲ್ಲ ಎಂದು ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹಲವರದ್ದು ಇದೇ, ಆದರೆ ಮಗ್ಗಿಯನ್ನೇ ಮತ್ತೆ ಮತ್ತೆ ಹೇಳಿಸಲಾಗುತ್ತಿರುತ್ತದೆ.

ಹಾಗಾಗಿ ಸ್ವಲ್ಪ ದಿನ ಮಗ್ಗಿಯನ್ನು ಪೂರ್ತಿ ಬಿಟ್ಟು, ನೂರಕ್ಕೆ ಎಷ್ಟು ಬೇಕು ಎನ್ನುವುದನ್ನು ಮಾತ್ರ ಆಡಿಸಿ. ನೀವು 80 ಅನ್ನಿ, ಅವಳು 20 ಅನ್ನಲಿ. 60 ಅಂದರೆ 40. 70 ಅಂದರೆ 30. ಇದು ಸಲೀಸಾದ ಮೇಲೆ 80+56 ಕೊಡಿ. 80ಕ್ಕೆ ನೂರಾಗಲು 20 ಬೇಕು, ಅದನ್ನು 56ರಿಂದಲೇ ತೆಗೆದುಕೋ, ಅಲ್ಲಿ ಉಳಿದದ್ದು 36, ಒಟ್ಟು 136. 60+54 ಇದ್ದರೆ 40 ತೆಗೆದುಕೋ, ಉಳಿದದ್ದು 14, ಒಟ್ಟು 114. ಬೆರಳಿನ ಅಗತ್ಯ ಇಲ್ಲಿ ತಾನಾಗಿ ಬಿದ್ದುಹೋಗುತ್ತದೆ. ಬೆರಳು ಮಡಚಬೇಡ ಎಂದು ಗದರಿ ಬಿಡಿಸುವುದು ಮಾತ್ರ ಬೇಡ. ಬೇರೆ ದಾರಿ ಕೊಡದೆ ಬೆರಳನ್ನು ಕಿತ್ತುಕೊಂಡರೆ ಮಗು ಬೆರಳನ್ನು ಮೇಜಿನ ಕೆಳಗೆ ಮಡಚುತ್ತದೆ.

19ಕ್ಕೂ 18ಕ್ಕೂ ಇದಕ್ಕಿಂತ ಹತ್ತಿರದ ದಾರಿಯಿದೆ. ಅವೆರಡೂ ಇಪ್ಪತ್ತರ ಮಗ್ಗುಲಲ್ಲೇ ಇವೆ. 20×6 ಎಂದರೆ 120, ಅದರಲ್ಲಿ 6 ಹೋದರೆ 114. 18×7 ಬೇಕಾದರೆ 140ರಲ್ಲಿ 14 ಹೋಗಲಿ, 126. 19ರ ಇಡೀ ಮಗ್ಗಿಯನ್ನು ಒಮ್ಮೆ ಬರೆಸಿ ನೋಡಿ: 19, 38, 57, 76, 95, 114, 133, 152, 171, 190. ಬಿಡಿ ಸ್ಥಾನದಲ್ಲಿ 9, 8, 7, 6 ಎಂದು ಒಂದೊಂದೇ ಇಳಿಯುತ್ತದೆ. ಅದರ ಎಡಕ್ಕಿರುವುದು 1, 3, 5, 7, 9, 11, 13 ಎಂದು ಎರಡೆರಡೇ ಏರುತ್ತದೆ. ಏಕೆ ಹೀಗೆ ಎಂದು ಕೇಳಿ. ಪ್ರತಿ ಹೆಜ್ಜೆಗೂ 20 ಸೇರಿ 1 ಹೋಗುತ್ತಿದೆ ಎಂದು ಅವಳೇ ಹೇಳಬಲ್ಲಳು. 17ಕ್ಕೂ 19ಕ್ಕೂ ಕಲಸಿಹೋಗುತ್ತದೆ ಅಂದಿದ್ದಿರಿ, 19ಕ್ಕೆ ಈ ಸ್ವಂತ ಚಹರೆ ಸಿಕ್ಕ ಮೇಲೆ ಆ ಗೊಂದಲ ಉಳಿಯುವುದಿಲ್ಲ.

17ಕ್ಕೂ ಒಂದು ಗುರುತಿದೆ. 13ರ ಮಗ್ಗಿಯ ಬಿಡಿ ಅಂಕಿಗಳನ್ನು ಒಂದ್ಲೆಯಿಂದ ಒಂಬತ್ಲೆಯವರೆಗೆ ಬರೆಯಿರಿ: 3, 6, 9, 2, 5, 8, 1, 4, 7. ಈಗ 17ರದ್ದು: 7, 4, 1, 8, 5, 2, 9, 6, 3. ಒಂದು ಇನ್ನೊಂದರ ತಿರುವು. ಮಕ್ಕಳಿಗೆ ಇದನ್ನು ಕಂಡರೆ ಎಷ್ಟು ಖುಷಿಯೋ! 14ಕ್ಕೂ 16ಕ್ಕೂ ಇದೇ ನಂಟು ಇದೆಯೇ ಎಂದು ಹುಡುಕಲು ಅವಳಿಗೆ ಬಿಡಿ.

ಇನ್ನು 104. ಉತ್ತರ ಹೇಳಿದ ಮೇಲೆ ಅದು ನಂಬುವಂತಿದೆಯೇ ಎಂದು ನೋಡುವ ಅಭ್ಯಾಸವನ್ನು ಈಗಲೇ ಹಚ್ಚಿ. ಇಪ್ಪತ್ತಾರ್ಲೆ 120. ಹತ್ತೊಂಬತ್ತಾರ್ಲೆ ಅದಕ್ಕಿಂತ ಆರೇ ಆರು ಕಡಿಮೆ. 104 ಅಲ್ಲಿಂದ ತೀರಾ ದೂರ. ಆದರೆ ನೀವಾಗಿ "ತಪ್ಪು" ಅನ್ನುವ ಬದಲು "ಇಪ್ಪತ್ತಾರ್ಲೆ ಎಷ್ಟು?" ಎಂದಷ್ಟೇ ಕೇಳಿ ಸುಮ್ಮನಿರಿ. ಅವಳೇ ತಿದ್ದಿಕೊಳ್ಳುತ್ತಾಳೆ.

ಇಬ್ಬರ ಅಪ್ಪ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ದೊಡ್ಡ ಮಗ ಐದನೇ ಕ್ಲಾಸ್. ಅವನಿಗೆ ಹತ್ತರೊಳಗಿನ ಮಗ್ಗಿಯಲ್ಲೇ 54, 56 ಅದಲುಬದಲಾಗುತ್ತದೆ. ಏಳೆಂಟ್ಲೆ ಐವತ್ತನಾಲ್ಕು ಅಂತಾನೆ. ಕ್ಲಾಸಿನಲ್ಲಿ ಆಗಲೇ ಎರಡಂಕಿಯ ಗುಣಾಕಾರ ನಡೆಯುತ್ತಿದೆ, ಹಾಗಾಗಿ 13, 14ರ ಮಗ್ಗಿಗೆ ಕೈಹಾಕೋಣ ಅಂದುಕೊಂಡಿದ್ದೆ. ಈ ಹತ್ತು ದಾಟಿಸುವ ರೀತಿ ಅವನಿಗೂ ನಡೆಯುತ್ತದೆಯೇ? ಇನ್ನೊಂದು, 13×17 ಥರದ್ದನ್ನು ಬಾಯಲ್ಲೇ ಮಾಡಲು ಬರುತ್ತದೆಯೇ?

ಲೆಕ್ಕದ ಟೀಚರ್

ನಡೆಯುತ್ತದೆ, ಆದರೆ ಈಗಲೇ ಬೇಡ. 7×8 ಅಲ್ಲಾಡುತ್ತಿದ್ದರೆ 17×8 ಕೂಡ ಅಲ್ಲಾಡುತ್ತದೆ. ದೊಡ್ಡ ಮಗ್ಗಿಗಳೆಲ್ಲ ಈ ಸಣ್ಣದರ ಮೇಲೆ ನಿಂತಿವೆ. ಒಳ್ಳೆಯ ಸುದ್ದಿಯೆಂದರೆ ಸಾಮಾನ್ಯವಾಗಿ ಕೈಕೊಡುವ ಜಾಗ ಬಹಳ ಸಣ್ಣದು. 6ರಿಂದ 9ರವರೆಗಿನ ಸಂಖ್ಯೆಗಳನ್ನು ಅವುಗಳೊಂದಿಗೇ ಗುಣಿಸಿದರೆ, 7×8 ಮತ್ತು 8×7 ಒಂದೇ ಎಂದು ಲೆಕ್ಕ ಹಿಡಿದಾಗ, ಸಿಗುವುದು ಹತ್ತೇ ಉತ್ತರಗಳು: 36, 42, 48, 54, 49, 56, 63, 64, 72, 81. ಈ ಹತ್ತನ್ನು ಚೀಟಿ ಮಾಡಿಸಿ.

54 ಮತ್ತು 56ನ್ನು ಮಾತ್ರ ಒಂದೇ ದಿನ ಹೇಳಿಕೊಡಬೇಡಿ. ಹತ್ತಿರ ಹತ್ತಿರ ಇರುವ ಎರಡು ಹೊಸ ಉತ್ತರಗಳು ಒಟ್ಟಿಗೆ ಬಂದರೆ ಒಂದನ್ನೊಂದು ಕೆಡಿಸುತ್ತವೆ. ಮೊದಲು 56 ಗಟ್ಟಿಯಾಗಲಿ. ಅದನ್ನು ಮರೆತರೆ ಹಿಡಿಯಲು ಏಳೇಳ್ಲೆ 49 ಇದೆ, ಅದಕ್ಕೆ 7 ಸೇರಿದರೆ 56. ಅದು ತಾನಾಗಿ ಬರತೊಡಗಿದ ಮೇಲೆ 54ಕ್ಕೆ ಬನ್ನಿ. ಆರೊಂಬತ್ಲೆಗೆ 60ರಲ್ಲಿ 6 ಕಳೆದರೆ ಆಯಿತು. 9ರ ಮಗ್ಗಿಯ ಉತ್ತರದಲ್ಲಿ ಅಂಕಿಗಳನ್ನು ಕೂಡಿದರೆ 9 ಬರಬೇಕು ಎಂಬುದನ್ನೂ ಹೇಳಿಕೊಡಿ. 5 ಮತ್ತು 4 ಸೇರಿ 9. 5 ಮತ್ತು 6 ಸೇರಿ 11, ಹಾಗಾಗಿ 56 ಒಂಬತ್ತರ ಮನೆಯದ್ದಲ್ಲ. ಇದೊಂದನ್ನು ತಿಳಿದ ಮಗು ಅವೆರಡನ್ನು ತಾನೇ ಬೇರೆ ಮಾಡಿಕೊಳ್ಳುತ್ತದೆ.

13×17 ಬಾಯಲ್ಲೇ ಬರುತ್ತದೆ, 11ರಿಂದ 19ರೊಳಗಿನ ಯಾವ ಎರಡು ಸಂಖ್ಯೆಗಾದರೂ. ಒಂದಕ್ಕೆ ಇನ್ನೊಂದರ ಬಿಡಿ ಅಂಕಿಯನ್ನು ಕೂಡಿ: 13ಕ್ಕೆ 7 ಸೇರಿದರೆ 20. ಅದು ಇಪ್ಪತ್ತು ಹತ್ತುಗಳು, ಅಂದರೆ 200. ಎರಡೂ ಬಿಡಿಗಳನ್ನು ಗುಣಿಸಿ: 3×7, 21. ಒಟ್ಟು 221. 17×14 ಇದ್ದರೆ 17ಕ್ಕೆ 4 ಸೇರಿ 21, ಅಂದರೆ 210, ಅದಕ್ಕೆ 7×4ರ 28 ಸೇರಿ 238. ಇದನ್ನು ಸೂತ್ರವಾಗಿ ಕೊಟ್ಟರೆ ಒಂದು ವಾರ ಚಮತ್ಕಾರವಾಗಿರುತ್ತದೆ, ಮುಂದಿನ ತಿಂಗಳು ಏನನ್ನು ಕೂಡಬೇಕು, ಏನನ್ನು ಗುಣಿಸಬೇಕು ಎಂದು ಮರೆತಿರುತ್ತದೆ. ಆದ್ದರಿಂದ ಮೊದಲು ಆಯತ. ಉದ್ದ 17, ಎತ್ತರ 14. ಎರಡೂ ಕಡೆ ಹತ್ತರಲ್ಲಿ ಗೆರೆ ಎಳೆದರೆ ನಾಲ್ಕು ತುಂಡು: 100, 70, 40, 28. ಮೊದಲ ಮೂರು ಕೂಡಿದರೆ ಆ 210 ಎಲ್ಲಿಂದ ಬಂತು ಎಂದು ಹುಡುಗ ಬೆರಳಿಟ್ಟು ತೋರಿಸಬೇಕು. ತೋರಿಸಿದ ಮೇಲಷ್ಟೇ ಬಾಯಿಲೆಕ್ಕ.

ಪುಟ್ಟಿಯಮ್ಮ

ಮೇಡಂ, 14 ಮತ್ತು 16 ಅವಳೇ ಹುಡುಕಿದಳು! 4, 8, 2, 6, 0 ಮತ್ತು 6, 2, 8, 4, 0. "ಸೊನ್ನೆ ಬಿಟ್ಟರೆ ಇದೂ ತಿರುವೇ" ಅಂತ ಓಡಿ ಬಂದು ತೋರಿಸಿದಳು. ನೂರಕ್ಕೆ ಎಷ್ಟು ಬೇಕು ಅನ್ನೋ ಆಟ ನಡೀತಿದೆ, 80+56 ಈಗ ಬೆರಳಿಲ್ಲದೆ ಬರುತ್ತೆ.

ಎರಡು ಸಣ್ಣ ಪ್ರಶ್ನೆ. ಇಪ್ಪತ್ತರ ಮೇಲೂ ಕಲಿಸಬೇಕಾ, 21, 22 ಅಂತ ಮೂವತ್ತರವರೆಗೆ? ಮತ್ತೆ ಗೋಡೆಗೆ ಮಗ್ಗಿಯ ಚಾರ್ಟ್ ಹಾಕೋದು ಒಳ್ಳೆಯದಾ?

ಲೆಕ್ಕದ ಟೀಚರ್

ಮೂವತ್ತರವರೆಗೆ ಬಾಯಿಪಾಠ ನನ್ನ ಮಟ್ಟಿಗೆ ಬೇಡ. 25 ಒಂದನ್ನು ಕಲಿಸಿ: 25, 50, 75, 100. ನಾಲ್ಕು ಸೇರಿದರೆ ನೂರು, ಅದು ಮುಂದೆ ಶೇಕಡಾ ಲೆಕ್ಕಕ್ಕೂ ದಶಮಾಂಶಕ್ಕೂ ಬೇಕಾಗುತ್ತದೆ. ಉಳಿದವು ಬಿಡಿಸಿದರೆ ಬರುತ್ತವೆ. ವಾರಕ್ಕೆ ಎಷ್ಟು ಗಂಟೆ ಎಂದು ಅವಳನ್ನು ಕೇಳಿ. 24×7, ಇಪ್ಪತ್ತೇಳ್ಲೆ 140, ನಾಲ್ಕೇಳ್ಲೆ 28, ಒಟ್ಟು 168. ಇಷ್ಟು ಮಾಡುವ ಮಗುವಿಗೆ 24ರ ಮಗ್ಗಿಯನ್ನು ಬೇರೆಯಾಗಿ ಕಲಿಸುವುದೇಕೆ? ಆ ಹೊತ್ತನ್ನು ಭಾಗಾಕಾರಕ್ಕೆ ಕೊಡಿ, ಅದೂ ಹತ್ತರ ದಾರಿಯಲ್ಲೇ. 119ರಲ್ಲಿ ಎಷ್ಟು ಏಳು? 70 ತೆಗೆದರೆ ಹತ್ತು ಏಳು ಹೋಯಿತು, ಉಳಿದ 49ರಲ್ಲಿ ಇನ್ನೂ ಏಳು, ಒಟ್ಟು 17. ಹಾಗೆ ನೋಡಿದರೆ 119ನ್ನು 17ರಿಂದ ಭಾಗಿಸಿದರೆ ಏನು ಬರುತ್ತದೆ ಎನ್ನುವುದೂ ಅದರಲ್ಲೇ ಸಿಕ್ಕಿತು. ಪುಟದ ಅಂಚಿನಲ್ಲಿ ಇಡೀ ಮಗ್ಗಿ ಬರೆದುಕೊಳ್ಳುವುದು ಇಲ್ಲಿಂದ ಕಡಿಮೆಯಾಗುತ್ತದೆ. 91, 51, 133 ಇವನ್ನೂ ಕೇಳಿ. ಇವನ್ನು ನೋಡಿದರೆ ಯಾವುದರಿಂದಲೂ ಭಾಗವಾಗುವುದಿಲ್ಲ ಅನ್ನಿಸುತ್ತದೆ, ಆದರೆ 7×13, 3×17, 7×19. ಮುಂದೆ ಅವಿಭಾಜ್ಯ ಸಂಖ್ಯೆಗಳ ಪಾಠ ಬಂದಾಗ ಈ ಮೂರರಲ್ಲಿ ಬಹಳ ಮಕ್ಕಳು ಎಡವುತ್ತಾರೆ.

ಚಾರ್ಟ್ ಹಾಕಿ, ಆದರೆ ಉತ್ತರ ತುಂಬಿದ್ದು ಬೇಡ. ಎಡಕ್ಕೆ 2ರಿಂದ 9, ಮೇಲೆ 11ರಿಂದ 20, ಒಳಗೆಲ್ಲ ಖಾಲಿ ಮನೆಗಳಿರುವ ಹಾಳೆ ಅವಳ ಕೈಯಿಂದಲೇ ಗೆರೆ ಎಳೆಸಿ ಅಂಟಿಸಿ. ಯಾವ ಚೀಟಿ ಮೂರು ಬೇರೆ ಬೇರೆ ದಿನ ಥಟ್ಟನೆ ಬಂತೋ ಆ ಮನೆಯನ್ನು ಮಾತ್ರ ಅವಳೇ ತುಂಬಲಿ. ಮೊದಲು 20ರ ಕಂಬ, 11ರ ಕಂಬ, 5ರ ಸಾಲು, 2ರ ಸಾಲು ತುಂಬಿಕೊಳ್ಳುತ್ತವೆ, ಅಷ್ಟರಲ್ಲೇ ಹಾಳೆ ಅರ್ಧಕ್ಕೆ ಹತ್ತಿರ ಬಂದಿರುತ್ತದೆ. ಕೊನೆಗೆ ಯಾವ ಮನೆಗಳು ಖಾಲಿ ಉಳಿಯುತ್ತವೋ ಇಲ್ಲಿ ಬರೆಯಿರಿ. ಸಾಮಾನ್ಯವಾಗಿ ಅವು 16, 17, 18ರ ಕೆಳಗೆ, 6, 7, 8ರ ಸಾಲುಗಳಲ್ಲಿ ಇರುತ್ತವೆ. ನಿಮ್ಮ ಮಗಳದ್ದು ಬೇರೆಯಿದ್ದರೆ ಅದಕ್ಕೆ ತಕ್ಕಂತೆ ನೋಡೋಣ.